ಎನ್.ಆರ್. ಸರ್ಕಲ್ ಹತ್ತಿರದ ಸೈಬರ್: ಪಿಜಿಸಿಇಟಿ ಅರ್ಜಿಗೆ ಹೋಗಬಹುದು, ಜೆರಾಕ್ಸಿಗೆ ಬೇಡ

ಬಿಸಿಎ ಮುಗಿಸಿ ಎಂಸಿಎ ಸೇರೋಕೆ ಪಿಜಿಸಿಇಟಿಗೆ, ಅಂದ್ರೆ ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ನಡೆಸೋ ಪ್ರವೇಶ ಪರೀಕ್ಷೆಗೆ, ಅರ್ಜಿ ಹಾಕಬೇಕಿತ್ತು. ಮೊಬೈಲಲ್ಲೇ ಹಾಕಬಹುದಿತ್ತು ಬಿಡಿ, ಆದ್ರೆ ಫೋಟೋ, ಸಹಿ ಅಪ್‌ಲೋಡ್ ಮಾಡೋಕೆ ನಂಗೆ ತಾಳ್ಮೆ ಇಲ್ಲ. ಹಾಸನದ ಈ ಅಂಗಡೀಲಿ ಕೂತಿರೋ ಅಕ್ಕ ಕೆಲಸ ಬಲ್ಲವರು. ಮೊದಲು ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್ ಇಸ್ಕೊಂಡು ಹೆಸರನ್ನ ಅಕ್ಷರ ಅಕ್ಷರ ನೋಡಿ ಟೈಪ್ ಮಾಡಿದ್ರು. ಜಾತಿ-ಆದಾಯ ಪತ್ರದ ಮೇಲೆ ಅಚ್ಚಾಗಿರೋ ಆರ್.ಡಿ. ನಂಬರನ್ನ (ಆ ಪತ್ರದ ಸಂಖ್ಯೆ) ಜೋರಾಗಿ ಓದಿ, ನನ್ನ ಕೈಲೂ ಓದಿಸಿದ್ರು. ನಾನು ಅರಕಲಗೂಡು ಕಡೆ ಹಳ್ಳೀಲಿ ಓದಿದವಳು ಅಂದ ತಕ್ಷಣ, “ಒಂದರಿಂದ ಹತ್ತನೇ ಕ್ಲಾಸ್ ತನಕ ಹಳ್ಳೀಲೇನಾ? ಹಂಗಾದ್ರೆ ಗ್ರಾಮೀಣ ಸರ್ಟಿಫಿಕೇಟಿಗೆ ಹೆಡ್‌ಮಾಸ್ಟರ್ ಸಹಿ ಸಾಲಲ್ಲ ಕಣಮ್ಮ, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಸಹಿನೂ ಬೇಕು” ಅಂದ್ರು. ನಮ್ಮ ಕಾಲೇಜಲ್ಲಿ ಯಾರೂ ಇದನ್ನ ಹೇಳಿರ್ಲಿಲ್ಲ. ಫೀಸ್ ಕಟ್ಟೋ ಮುಂಚೆ ಡ್ರಾಫ್ಟ್ ಪ್ರಿಂಟ್ ಕೊಟ್ಟು, “ಆಚೆ ಕೂತು ಓದ್ಕೊಂಡು ಬಾ” ಅಂತ ಕಳಿಸಿದ್ರು. ಅದೇ ನಂಗೆ ತುಂಬಾ ಹಿಡಿಸಿದ್ದು.

ಜೆರಾಕ್ಸ್ ರೇಟ್ ಮಾತ್ರ ಹಗಲು ದರೋಡೆ. ಕೂರೋಕೆ ಇರೋದು ಒಂದೇ ಸ್ಟೂಲು, ಅಪ್ಪ ಪೂರ್ತಿ ಹೊತ್ತು ನಿಂತೇ ಇದ್ರು. ಸಂಜೆ ಕಾಲೇಜ್ ಬಿಟ್ಟ ಮೇಲೆ ಕಾಲಿಡೋಕೂ ಜಾಗ ಇರಲ್ಲ, ಬೆಳಿಗ್ಗೆ ಬಾಗಿಲು ತೆಗೆಯೋ ಹೊತ್ತಿಗೇ ಹೋಗಿ. ಒಟಿಪಿ ಬರೋ ಫೋನ್ ಜೊತೇಲೇ ಇರ್ಲಿ.