ದೊಡ್ಡವರಿಲ್ಲದ ಮನೆಯ ಮಕ್ಕಳು: ಅನಾಥಾಲಯವೋ, ಸಾಕು ಕುಟುಂಬವೋ, ಸ್ವಂತ ಮನೆಯೋ?

ಅಪ್ಪ-ಅಮ್ಮ ಇಲ್ಲದ ಮನೆಗೆ ಹದಿನಾಲ್ಕರ ಅಕ್ಕನೇ ಯಜಮಾನಿ. ತಮ್ಮಂದಿರಿಗೆ ಬಡಿಸಿ, ಪಾತ್ರೆಯ ತಳ ಕೆರೆದು ತಾನು ತಿನ್ನುತ್ತಾಳೆ. ರಾತ್ರಿ ಎದ್ದೆದ್ದು ಚಿಲಕ ನೋಡುತ್ತಾಳೆ. ಇಂಥವರಿಗೆ ನೆರವಾಗಲು ಹೊರಟವರ ಮುಂದೆ ಮೂರು ದಾರಿಗಳಿವೆ.

ಅನಾಥಾಲಯದಲ್ಲಿ ಊಟ, ಸೂರು ಸಿಗುತ್ತದೆ. ಆದರೆ ಪಾಳಿ ಬದಲಾದಂತೆ ನೋಡಿಕೊಳ್ಳುವವರೂ ಬದಲಾಗುತ್ತಾರೆ.

ತೀರಾ ಎಳೆಯರಿಗೆ ಸಾಕು ಕುಟುಂಬವೇ ಮೇಲು. ರೊಮೇನಿಯಾದ ಬುಕಾರೆಸ್ಟ್‌ನಲ್ಲಿ 136 ಪುಟ್ಟ ಮಕ್ಕಳನ್ನು ವರ್ಷಗಟ್ಟಲೆ ಗಮನಿಸಿದ ಅಧ್ಯಯನದಲ್ಲಿ, ಸಂಸ್ಥೆಯಲ್ಲೇ ಉಳಿದವರಿಗಿಂತ ಸಾಕು ಮನೆ ಸೇರಿದವರ ಬುದ್ಧಿ ಬೆಳವಣಿಗೆ ಚೆನ್ನಾಗಿತ್ತು. 2 ವರ್ಷ ವಯಸ್ಸಾಗುವ ಮುನ್ನವೇ ಸೇರಿದವರದ್ದು ಇನ್ನೂ ಚೆನ್ನಾಗಿತ್ತು. ತೊಡಕೆಂದರೆ, ನಾಲ್ವರು ಒಡಹುಟ್ಟಿದವರನ್ನು ಒಟ್ಟಿಗೆ ಕರೆದುಕೊಳ್ಳುವ ಮನೆ ಸಿಗುವುದು ಕಷ್ಟ.

ಹಿರಿಯ ಮಗು ಹದಿಹರೆಯದ್ದಾಗಿದ್ದು, ಬೇರೆಯಾಗಲು ಯಾರೂ ಒಪ್ಪದಿದ್ದರೆ ಅವರು ಸ್ವಂತ ಮನೆಯಲ್ಲೇ ಒಟ್ಟಿಗೆ ಉಳಿಯಲಿ ಎನ್ನುವವ ನಾನು. ಹೆತ್ತವರ ಆಸರೆಯಿಲ್ಲದ ಮಕ್ಕಳ ಆರೈಕೆ ಕುರಿತ ವಿಶ್ವಸಂಸ್ಥೆಯ 2009ರ ಮಾರ್ಗಸೂಚಿಯೂ ಇದನ್ನು ತಳ್ಳಿಹಾಕುವುದಿಲ್ಲ. ಮನೆ ನಡೆಸಲು ಹಿರಿಯ ಮಗುವಿಗೆ ಮನಸ್ಸೂ ಸಾಮರ್ಥ್ಯವೂ ಇರಬೇಕು, ಹೊಣೆ ಹೊರುವ ವಯಸ್ಕರೊಬ್ಬರೋ ಸರ್ಕಾರಿ ಸಂಸ್ಥೆಯೋ ಇರಬೇಕು ಎನ್ನುತ್ತದೆ. ಹಣ ಕೊಟ್ಟು ಕೈತೊಳೆದುಕೊಂಡರೆ ಮಾತ್ರ (ಹಲವರು ಮಾಡುವುದೇ ಅದು) ಉಪಯೋಗವಿಲ್ಲ. ವಾರವಾರವೂ ಅದೇ ವ್ಯಕ್ತಿ ಬರಬೇಕು, ಮನೆಪತ್ರ ನೆಂಟರ ಪಾಲಾಗದಂತೆ ಕಾಯಬೇಕು, ಅಕ್ಕ ಶಾಲೆ ಬಿಡದಂತೆ ನೋಡಿಕೊಳ್ಳಬೇಕು. ತಮ್ಮಂದಿರನ್ನು ವಿಚಾರಿಸುವವರು ಇರುತ್ತಾರೆ, ‘ನೀನು ಹೇಗಿದ್ದೀಯಮ್ಮ?’ ಎಂದು ಅವಳನ್ನು ಕೇಳುವವರು ಅಪರೂಪ.