ಡಾರ್ಕ್‌ಟೇಬಲ್: ರಾ ಫೈಲಿನಿಂದ ಜೆಪೆಗ್‌ವರೆಗೆ, ವರ್ಷಗಟ್ಟಲೆ ಬಳಸಿದ ಮೇಲೆ

ಕ್ಯಾಮೆರಾದ ರಾ ಫೈಲನ್ನು, ಅಂದರೆ ಸೆನ್ಸರ್ ಹಿಡಿದದ್ದನ್ನು ತಿದ್ದದೆ ಇಟ್ಟ ಫೈಲನ್ನು, ನಾಲ್ಕು ಜನಕ್ಕೆ ಕಳಿಸುವಂಥ ಜೆಪೆಗ್ ಮಾಡಿಕೊಡುವ ಉಚಿತ ತಂತ್ರಾಂಶಗಳಲ್ಲಿ ದೀರ್ಘಕಾಲ ನೆಚ್ಚಿಕೊಳ್ಳಬಹುದಾದದ್ದು ಡಾರ್ಕ್‌ಟೇಬಲ್. 2009ರಲ್ಲಿ ಶುರುವಾದ ಇದು 2017ರ ಕೊನೆಗೆ ಬಂದ 2.4ನೇ ಆವೃತ್ತಿಯಿಂದ ವಿಂಡೋಸ್‌ನಲ್ಲೂ ಓಡುತ್ತಿದೆ. ಚಂದಾ ಇಲ್ಲ, ಫೋಟೋ ಮೇಲೆ ವಾಟರ್‌ಮಾರ್ಕ್ ಬೀಳುವುದಿಲ್ಲ, ಎಷ್ಟು ಫೋಟೋ ಎಂಬ ಮಿತಿಯೂ ಇಲ್ಲ. ಆದರೆ ಕಲಿಯಲು ಸಮಯ ಕೊಡಲೇಬೇಕು. ಬಣ್ಣದ ಕೆಲಸದಲ್ಲಿ ಇದನ್ನು ಪೂರ್ತಿ ನಂಬಬಹುದು. ಚೆನ್ನಾಗಿ ತಿದ್ದಿದ ಫೋಟೋ ಕೈಗೆ ಬರುವಾಗ ಕೆಟ್ಟಿದ್ದರೆ, ಹತ್ತರಲ್ಲಿ ಎಂಟು ಸಲ ತಪ್ಪಾಗಿರುವುದು ಜೆಪೆಗ್ ಹೊರತೆಗೆಯುವ ಕೊನೆಯ ಎಕ್ಸ್‌ಪೋರ್ಟ್ ಫಲಕದಲ್ಲಿ.

ಹೊಸಬರನ್ನು ಮೊದಲು ಬೆದರಿಸುವುದು ಬೇರೆಯೇ. ಫೋಟೋಗಳನ್ನು ಸಾಲಾಗಿ ತೋರಿಸುವ ಲೈಟ್‌ಟೇಬಲ್‌ನಲ್ಲಿ ಫೋಟೋ ಚೆನ್ನಾಗಿ ಕಾಣುತ್ತದೆ, ತಿದ್ದುವ ಜಾಗವಾದ ಡಾರ್ಕ್‌ರೂಮಿನಲ್ಲಿ ತೆರೆದ ಕೂಡಲೇ ಸಪ್ಪೆಯಾಗುತ್ತದೆ. ಕೆಟ್ಟದ್ದೇನೂ ಆಗಿಲ್ಲ. ಮೊದಲು ಕಂಡದ್ದು ಕ್ಯಾಮೆರಾ ತಾನೇ ಮಾಡಿ ರಾ ಫೈಲಿನೊಳಗೆ ಇಟ್ಟ ಪುಟ್ಟ ಜೆಪೆಗ್. ಆಮೇಲೆ ಕಂಡದ್ದು ಸೆನ್ಸರಿನ ನಿಜವಾದ ದತ್ತಾಂಶ. 14 ಬಿಟ್ ರಾ ಫೈಲಿನಲ್ಲಿ ಪ್ರತಿ ಬಿಂದುವಿಗೆ 16,384 ಹಂತಗಳಿರುತ್ತವೆ, ಜೆಪೆಗ್‌ನಲ್ಲಿ ಒಂದೊಂದು ಬಣ್ಣಕ್ಕೆ 256 ಮಾತ್ರ. ಅಷ್ಟನ್ನು ಇಷ್ಟಕ್ಕೆ ಹೇಗೆ ಇಳಿಸಬೇಕು ಎಂಬ ತೀರ್ಮಾನವನ್ನು ಡಾರ್ಕ್‌ಟೇಬಲ್ ನಮಗೇ ಬಿಡುತ್ತದೆ. ಇಲ್ಲಿ ಒಂದೊಂದು ತಿದ್ದುಪಡಿಗೂ ಒಂದೊಂದು ಮಾಡ್ಯೂಲ್ ಇದೆ. ಬೆಳಕನ್ನು ಏರಿಸಿ ಇಳಿಸುವ ಎಕ್ಸ್‌ಪೋಷರ್ ಮಾಡ್ಯೂಲ್ ತಾನಾಗಿ 0.7 ಇವಿ (1 ಇವಿ ಎಂದರೆ ಬೆಳಕು ಎರಡರಷ್ಟು) ಏರಿಸಿರುತ್ತದೆ, ಬಹಳಷ್ಟು ಫೋಟೋಗಳಿಗೆ ಅದು ಸಾಲದು. ಮುಖವೋ ಮುಖ್ಯ ವಸ್ತುವೋ ಸರಿಯಾಗಿ ಬೆಳಗುವವರೆಗೆ ಎಕ್ಸ್‌ಪೋಷರ್ ಏರಿಸಿ. ಆಕಾಶ ಬಿಳಿಚಿಕೊಂಡರೆ ಸದ್ಯಕ್ಕೆ ಬಿಟ್ಟುಬಿಡಿ. ಅದನ್ನು ಹಿಡಿತಕ್ಕೆ ತರುವುದು ಟೋನ್ ಮ್ಯಾಪಿಂಗ್, ಅಂದರೆ ಬೆಳಕಿನ ದೊಡ್ಡ ಅಂತರವನ್ನು ಪರದೆಗೆ ಹಿಡಿಸುವಷ್ಟಕ್ಕೆ ಇಳಿಸುವ ಕೆಲಸ. ಅದಕ್ಕಿರುವ ಫಿಲ್ಮಿಕ್ ಮಾಡ್ಯೂಲಿನ ಹತ್ತಾರು ಸ್ಲೈಡರುಗಳಲ್ಲಿ ಸಿಕ್ಕಿಕೊಳ್ಳುವ ಬದಲು, 4.2ನೇ ಆವೃತ್ತಿಯಿಂದ ಇರುವ ಸಿಗ್ಮಾಯ್ಡ್ ಮಾಡ್ಯೂಲ್ ಹಿಡಿಯಿರಿ. ಅದರಲ್ಲಿ ಕಾಂಟ್ರಾಸ್ಟ್ ಒಂದನ್ನೇ ಮುಟ್ಟಿದರೂ ಹೆಚ್ಚಿನ ಫೋಟೋ ಸರಿಹೋಗುತ್ತವೆ.

ಇದರ ನಿಜವಾದ ಕಸುವು ಕಾಣುವುದು ಕಷ್ಟದ ಬೆಳಕಿನಲ್ಲಿ. ರಾತ್ರಿ ಯಕ್ಷಗಾನದ ರಂಗಸ್ಥಳವನ್ನೇ ನೋಡಿ. ಕ್ಯಾಮೆರಾದ ಸಂವೇದನೆ ಐಎಸ್ಒ 6400ಕ್ಕೆ ಏರಿದೆ, ಒಂದು ಕಡೆ ಹಳದಿ ದೀಪ, ಇನ್ನೊಂದು ಕಡೆ ನೀಲಿ ಎಲ್‌ಇಡಿ. ಬೆಳಕಿನ ಛಾಯೆ ತಿದ್ದುವ ಕಲರ್ ಕ್ಯಾಲಿಬ್ರೇಷನ್ ಮಾಡ್ಯೂಲಿನಲ್ಲಿ ಬಣ್ಣ ಆರಿಸುವ ಪಿಕರ್ ಹಿಡಿದು ಭಾಗವತರ ಬಿಳಿ ಪಂಚೆಯ ಮೇಲೆ ಚೌಕ ಎಳೆದರೆ ಹಳದಿ ಛಾಯೆ ಒಂದೇ ಏಟಿಗೆ ಇಳಿಯುತ್ತದೆ. ಈ ಹೊತ್ತಿನಲ್ಲಿ ಹಳೆಯ ವೈಟ್ ಬ್ಯಾಲೆನ್ಸ್ ಮಾಡ್ಯೂಲನ್ನು ಮುಟ್ಟಕೂಡದು. ಅದು ತಂತ್ರಾಂಶ ಇಟ್ಟ ಸೆಟಿಂಗ್‌ನಲ್ಲೇ ಇರಲಿ. ಎರಡನ್ನೂ ಬದಲಿಸಿದರೆ ತಿದ್ದುಪಡಿ ಎರಡೆರಡು ಸಲ ಬಿದ್ದು ಮೈಬಣ್ಣ ಎಲ್ಲಿಗೋ ಹೋಗುತ್ತದೆ. ಅದಕ್ಕೇ ಮಾಡ್ಯೂಲಿನ ಮೇಲೆ ಕೆಂಪು ಎಚ್ಚರಿಕೆ ಮೂಡುವುದು. ನೀಲಿ ದೀಪ ಬಿದ್ದ ಕಡೆ ಕಿರೀಟದ ಅಂಚು ವಿವರವೇ ಇಲ್ಲದ ನೀಲಿ ಮುದ್ದೆಯಾಗಿ ಕಂಡರೆ, ಕಲರ್ ಕ್ಯಾಲಿಬ್ರೇಷನ್‌ನಲ್ಲೇ ಇರುವ, ಅತಿ ಗಾಢ ಬಣ್ಣಗಳನ್ನು ತಗ್ಗಿಸುವ ಗ್ಯಾಮಟ್ ಕಂಪ್ರೆಷನ್ ಅನ್ನು ಸ್ವಲ್ಪಸ್ವಲ್ಪವೇ ಏರಿಸಿ. ಮಣಿಗಳ ಸಾಲು ಮತ್ತೆ ಬಿಡಿಬಿಡಿಯಾಗಿ ಕಾಣತೊಡಗುತ್ತದೆ. ಹೆಚ್ಚಿನ ಐಎಸ್ಒದಿಂದ ಫೋಟೋ ತುಂಬ ಮೂಡುವ ಕಾಳುಕಾಳು ಚುಕ್ಕೆಗಳನ್ನು ತೆಗೆಯಲು ಡಿನಾಯ್ಸ್ ಪ್ರೊಫೈಲ್ಡ್ ಮಾಡ್ಯೂಲ್ ಇದೆ. ಕ್ಯಾಮೆರಾ ಮಾದರಿ, ಐಎಸ್ಒ ಎರಡನ್ನೂ ನೋಡಿ ಅಳತೆ ಹಿಡಿಯುವುದರಿಂದ ಅದನ್ನು ಆನ್ ಮಾಡಿದರೆ ಸಾಕು. ವಿವರ ಕರಗಿತು ಅನ್ನಿಸಿದರೆ ಬಣ್ಣದ ಚುಕ್ಕೆಗಳನ್ನಷ್ಟೇ ತೆಗೆಯುವ ಸಿದ್ಧ ಸೆಟಿಂಗ್ (ಪ್ರಿಸೆಟ್) ಆರಿಸಿ.

ಇನ್ನು ಎಕ್ಸ್‌ಪೋರ್ಟ್. ಇಲ್ಲಿ ಅವಸರ ಬೇಡ.

ಜೆಪೆಗ್ ಗುಣಮಟ್ಟ ಮೊದಲಿಗೆ 95ರಲ್ಲಿರುತ್ತದೆ. ಮೊಬೈಲಿನಲ್ಲಿ ನೋಡುವ ಫೋಟೋಗೆ 90 ಧಾರಾಳ. ಕಣ್ಣಿಗೆ ವ್ಯತ್ಯಾಸ ಕಾಣುವುದಿಲ್ಲ, ಫೈಲು ಮಾತ್ರ ಎದ್ದು ಕಾಣುವಷ್ಟು ಚಿಕ್ಕದಾಗುತ್ತದೆ. ಅಗಲ, ಎತ್ತರ ಎರಡೂ ಕಡೆ 2048 ಪಿಕ್ಸೆಲ್ ಕೊಟ್ಟರೆ ಅಡ್ಡ ಫೋಟೋ, ಉದ್ದ ಫೋಟೋ ಎರಡೂ ಆ ಚೌಕಟ್ಟಿನೊಳಗೆ ಕೂರುತ್ತವೆ. 0 ಎಂದರೆ ಮಿತಿ ಇಲ್ಲ ಎಂದರ್ಥ. 12×8 ಇಂಚಿನ ಪ್ರಿಂಟಿಗೆ ಇಂಚಿಗೆ 300 ಚುಕ್ಕೆ (300 ಡಿಪಿಐ) ಲೆಕ್ಕದಲ್ಲಿ 3600×2400 ಪಿಕ್ಸೆಲ್ ಬೇಕು. ಫೋಟೋವನ್ನು ಮೂಲಕ್ಕಿಂತ ದೊಡ್ಡದು ಮಾಡಲು ಅನುಮತಿಸುವ ಆಯ್ಕೆ ‘ಇಲ್ಲ’ ಎಂದೇ ಇರಲಿ.

ಹೈ ಕ್ವಾಲಿಟಿ ರೀಸ್ಯಾಂಪ್ಲಿಂಗ್ ಎಂಬ ಆಯ್ಕೆ ಮಾತ್ರ ‘ಹೌದು’ ಎಂದಿರಬೇಕು. ‘ಇಲ್ಲ’ ಎಂದಿದ್ದರೆ ತಂತ್ರಾಂಶ ಫೋಟೋವನ್ನು ಮೊದಲು ಕುಗ್ಗಿಸಿ ಆಮೇಲೆ ಡಿನಾಯ್ಸ್, ಶಾರ್ಪನಿಂಗ್ ಎಲ್ಲ ಮಾಡುತ್ತದೆ. ಕೆಲಸ ಬೇಗ ಮುಗಿಯುತ್ತದೆ ನಿಜ, ಆದರೆ 100% ಜೂಮ್‌ನಲ್ಲಿ ಕೂತು ತಿದ್ದಿದ್ದಕ್ಕೂ ಹೊರಬಂದದ್ದಕ್ಕೂ ತಾಳೆಯಾಗುವುದಿಲ್ಲ. ಇನ್ನೊಂದು ಕೊರತೆ: ಕುಗ್ಗಿಸಿದ ಮೇಲೆ ಮಾಡುವ ಶಾರ್ಪನಿಂಗ್‌ಗೆ ಇಲ್ಲಿ ನೇರ ಗುಂಡಿ ಇಲ್ಲ. ಸಣ್ಣ ಫೋಟೋ ಮೆತ್ತಗೆ ಕಂಡರೆ, ಅಂಚುಗಳನ್ನು ಎದ್ದು ಕಾಣಿಸುವ ಲೋಕಲ್ ಕಾಂಟ್ರಾಸ್ಟ್ ತುಸು ಇರುವ ಸ್ಟೈಲ್ (ಕೂಡಿಸಿಟ್ಟ ತಿದ್ದುಪಡಿಗಳ ಕಟ್ಟು) ಒಂದನ್ನು ಮಾಡಿಟ್ಟುಕೊಂಡು ಎಕ್ಸ್‌ಪೋರ್ಟ್ ಫಲಕದ ಸ್ಟೈಲ್ ಜಾಗದಲ್ಲಿ ಸೇರಿಸಿ, ಮೋಡ್ ಅನ್ನು ಅಪೆಂಡ್ ಎಂದಿಡಿ. ರಿಪ್ಲೇಸ್ ಎಂದಿಟ್ಟರೆ ಅಲ್ಲಿಯವರೆಗೆ ಮಾಡಿದ ತಿದ್ದುಪಡಿ ಯಾವುದೂ ಆ ಜೆಪೆಗ್‌ಗೆ ಇಳಿಯುವುದಿಲ್ಲ.

ಫೈಲಿನ ಅಂಕಿಗಳು ಯಾವ ಬಣ್ಣ ಎಂದು ತಿಳಿಸುವ ಬಣ್ಣದ ಪ್ರೊಫೈಲ್ ಎಸ್‌ಆರ್‌ಜಿಬಿ ಇರಲಿ. ದೊಡ್ಡ ಪ್ರೊಫೈಲ್ ಎಂದರೆ ಒಳ್ಳೆಯ ಬಣ್ಣ ಎಂದುಕೊಂಡು ಅಡೋಬಿ ಆರ್‌ಜಿಬಿ ಆರಿಸಿದರೆ, ಪ್ರೊಫೈಲ್ ಓದಲು ಬಾರದ ಆ್ಯಪ್‌ಗಳಲ್ಲಿ ಕುಂಕುಮದ ಕೆಂಪು ಇಟ್ಟಿಗೆಯ ಬಣ್ಣಕ್ಕೆ ತಿರುಗುತ್ತದೆ. ವೆಬ್‌ಪಿ, ಎವಿಐಎಫ್, ಜೆಪೆಗ್ ಎಕ್ಸ್‌ಎಲ್ ಎಂಬ ಬೇರೆ ಬಗೆಯ ಫೋಟೋ ಫೈಲುಗಳನ್ನೂ ಹೊರತೆಗೆಯಬಹುದು, ಆದರೆ ಸ್ಟುಡಿಯೋಗೆ ಪ್ರಿಂಟಿಗೆ ಕೊಡುವುದಾದರೆ ಜೆಪೆಗ್ ಬಿಟ್ಟು ಬೇರೆ ಬೇಡ. ವಾಟ್ಸಾಪ್‌ನಲ್ಲಿ ಫೋಟೋ ಆಗಿ ಕಳಿಸಿದರೆ ವಾಟ್ಸಾಪ್ ಆ ಫೈಲನ್ನು ಮತ್ತೊಮ್ಮೆ ಹಿಂಡಿ ಚಿಕ್ಕದು ಮಾಡುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿದರೆ ಫೈಲು ಇದ್ದಂತೆಯೇ ತಲುಪುತ್ತದೆ.

ಫೋಟೋದ ಜೊತೆ ಅಡಗಿರುವ ಯಾವ ಮಾಹಿತಿ (ಮೆಟಾಡೇಟಾ) ಹೊರಹೋಗಬೇಕು ಎಂಬುದಕ್ಕೆ ಇದೇ ಫಲಕದಲ್ಲಿ ಆಯ್ಕೆಯಿದೆ, ಅದನ್ನು ದಯವಿಟ್ಟು ಒಮ್ಮೆ ತೆರೆದು ನೋಡಿ. ಫೋಟೋ ತೆಗೆದ ಜಾಗ ಹೇಳುವ ಜಿಯೋ ಟ್ಯಾಗ್ ಆಫ್ ಆಗಿರಲಿ. ಮನೆಯ ಜಾಗವಷ್ಟೇ ಅಲ್ಲ, ಪಶ್ಚಿಮ ಘಟ್ಟದಲ್ಲಿ ತೆಗೆದ ಹಕ್ಕಿಗೂಡಿನ, ಅಪರೂಪದ ಆರ್ಕಿಡ್‌ನ ಜಾಗವೂ ಒಂದು ಜೆಪೆಗ್‌ನೊಳಗೆ ಕೂತು ಯಾರ್ಯಾರ ಕೈಗೋ ಹೋಗಿಬಿಡುತ್ತದೆ.

ಮೂಲ ರಾ ಫೈಲನ್ನು ಡಾರ್ಕ್‌ಟೇಬಲ್ ಎಂದೂ ತಿದ್ದುವುದಿಲ್ಲ. ತಿದ್ದುಪಡಿಗಳನ್ನು ತನ್ನ ಡೇಟಾಬೇಸಿನಲ್ಲೂ, ರಾ ಫೈಲಿನ ಪಕ್ಕದಲ್ಲೇ ಅದೇ ಹೆಸರಿನ ಎಕ್ಸ್‌ಎಂಪಿ ಫೈಲಿನಲ್ಲೂ ಬರೆದಿಡುತ್ತದೆ. ಕೆಲವೇ ಕೆಬಿ ಇರುವ ಈ ಫೈಲುಗಳನ್ನು ಕಸ ಎಂದು ಅಳಿಸುವವರಿದ್ದಾರೆ. ಕಂಪ್ಯೂಟರ್ ಬದಲಾದ ದಿನ ಅಷ್ಟೂ ಕೆಲಸ ಹೋಯಿತೆಂದೇ ಲೆಕ್ಕ. ಬ್ಯಾಕಪ್‌ನಲ್ಲಿ ರಾ ಮತ್ತು ಎಕ್ಸ್‌ಎಂಪಿ ಜೋಡಿಯಾಗಿಯೇ ಇರಬೇಕು. ಫೋಲ್ಡರನ್ನು ಡಾರ್ಕ್‌ಟೇಬಲ್‌ನ ಹೊರಗಿನಿಂದ ಬೇರೆಡೆ ಎತ್ತಿಟ್ಟರೆ ಫೋಟೋದ ಪುಟ್ಟ ಚಿತ್ರದ ಜಾಗದಲ್ಲಿ ತಲೆಬುರುಡೆ ಗುರುತು ಬರುತ್ತದೆ. ಗಾಬರಿ ಬೇಡ, ಫೈಲು ಸಿಗುತ್ತಿಲ್ಲ ಎಂದಷ್ಟೇ ಅದರರ್ಥ. ಆ ಫೋಲ್ಡರಿನ ಹೆಸರಿನ (ಇಲ್ಲಿ ಅದನ್ನು ಫಿಲ್ಮ್‌ರೋಲ್ ಎನ್ನುತ್ತಾರೆ) ಮೇಲೆ ಬಲ ಕ್ಲಿಕ್ ಮಾಡಿ ಹೊಸ ಜಾಗ ತೋರಿಸಿದರೆ ಸರಿಹೋಗುತ್ತದೆ. ಆವೃತ್ತಿ ಏರಿಸುವ ಮುನ್ನ ಡೇಟಾಬೇಸಿನ ಪ್ರತಿ ತೆಗೆದಿಡಿ, ಏಕೆಂದರೆ ಹೊಸದು ಪರಿವರ್ತಿಸಿದ್ದನ್ನು ಹಳೆಯದು ತೆರೆಯಲಾರದು.

ವೇಗದ ಮಾತು: 24 ಮೆಗಾಪಿಕ್ಸೆಲ್ ಫೈಲುಗಳಿಗೆ 8 ಜಿಬಿ ರ್‍ಯಾಮ್ ನಡೆಯುತ್ತದೆ, 16 ಇದ್ದರೆ ನೆಮ್ಮದಿ. ಲೆಕ್ಕದ ಕೆಲಸವನ್ನು ತನ್ನ ಮೇಲೆ ಹಾಕಿಕೊಳ್ಳುವ (ಓಪನ್‌ಸಿಎಲ್ ಬೆಂಬಲವಿರುವ) ಗ್ರಾಫಿಕ್ಸ್ ಕಾರ್ಡ್ ಇಲ್ಲದಿದ್ದರೆ, ಫೋಟೋ ಹರಿತಗೊಳಿಸುವ ಡಿಫ್ಯೂಸ್ ಆರ್ ಶಾರ್ಪನ್ ಮಾಡ್ಯೂಲ್ ಬಹಳ ಭಾರ. ಒಂದು ಮದುವೆಯ ನೂರಾರು ಫೋಟೋ ಹೊರತೆಗೆಯುವಾಗ ಅದನ್ನು ದೂರವಿಡಿ. ಆಜ್ಞಾಸಾಲಿನಿಂದ ಓಡಿಸುವ ಡಾರ್ಕ್‌ಟೇಬಲ್-ಸಿಎಲ್‌ಐ ಕೂಡ ಜೊತೆಗೇ ಬರುತ್ತದೆ. ಅದು ಏನೂ ಮಾಡದೆ ನಿಂತುಬಿಟ್ಟರೆ, ಮುಖ್ಯ ಕಿಟಕಿ ತೆರೆದಿದೆಯೇ ನೋಡಿ. ಡೇಟಾಬೇಸನ್ನು ಇಬ್ಬರು ಒಟ್ಟಿಗೆ ಹಿಡಿಯಲಾಗದು. ಕಿಟಕಿ ಮುಚ್ಚಿ ಮತ್ತೆ ಓಡಿಸಿ.

ಹೊಸ ಮಾದರಿಯ ಕ್ಯಾಮೆರಾ ಕೊಂಡವರು ಇಳಿಸಿಕೊಳ್ಳುವ ಮುನ್ನ ಬೆಂಬಲಿತ ಕ್ಯಾಮೆರಾಗಳ ಪಟ್ಟಿ ನೋಡಬೇಕು. ಕ್ಯಾನನ್‌ನ ಸಿಆರ್3 ಎಂಬ ರಾ ಫೈಲುಗಳಿಗೇ 2021ರ ಕೊನೆಗೆ ಬಂದ 3.8ನೇ ಆವೃತ್ತಿಯವರೆಗೆ ಕಾಯಬೇಕಾಯಿತು. ಪಟ್ಟಿಯಲ್ಲಿ ಮಾದರಿ ಇಲ್ಲದಿದ್ದರೆ, ಅದು ಸೇರುವವರೆಗೆ ಕ್ಯಾಮೆರಾವನ್ನು ರಾ ಜೊತೆಗೆ ಜೆಪೆಗ್ ಎಂಬ ಸೆಟಿಂಗ್‌ನಲ್ಲಿಟ್ಟು ತೆಗೆಯಿರಿ.