ಸ್ಪೆಕ್ಟ್ರಮ್ ಅನಲೈಸರ್ ಓವರ್‌ಲೋಡ್: ಒಳಗಿನ ಅಟೆನ್ಯುಯೇಟರ್, ಹೊರಗಿನ ಪ್ಯಾಡ್, ಫಿಲ್ಟರ್ – ಯಾವುದು ಎಲ್ಲಿಗೆ?

ಯಾವ ಆವರ್ತನದಲ್ಲಿ ಎಷ್ಟು ಶಕ್ತಿಯಿದೆ ಎಂದು ತೋರಿಸುವ ಸ್ಪೆಕ್ಟ್ರಮ್ ಅನಲೈಸರ್‌ನ ಪರದೆಯಲ್ಲಿ ಕಾಣುವ ಪ್ರತಿಯೊಂದು ಗೆರೆಯೂ ನಾವು ಅಳೆಯುತ್ತಿರುವ ಸಾಧನದಿಂದಲೇ ಬಂದಿರಬೇಕೆಂದಿಲ್ಲ. ಒಳಬರುವ ಸಿಗ್ನಲ್ ಮಿತಿಮೀರಿ ಪ್ರಬಲವಾಗಿದ್ದರೆ ಅನಲೈಸರ್‌ನ ಮೊದಲ ಮಿಕ್ಸರೇ (ಸಿಗ್ನಲ್‌ನ ಆವರ್ತನವನ್ನು ಬದಲಿಸುವ ಹಂತ) ಹಾರ್ಮೋನಿಕ್‌ಗಳನ್ನೂ (ಮೂಲ ಆವರ್ತನದ ಎರಡು, ಮೂರು ಪಟ್ಟಿನಲ್ಲಿ ಬರುವ ಗೆರೆಗಳು) ಇಂಟರ್‌ಮಾಡ್ಯುಲೇಷನ್ ಗೆರೆಗಳನ್ನೂ (ಎರಡು ಸಿಗ್ನಲ್‌ಗಳು ಬೆರೆತು ಹುಟ್ಟುವವು) ಹುಟ್ಟಿಸಿ, ಅವು ಹೊರಗಿನಿಂದ ಬಂದವೇನೋ ಎಂಬಂತೆ ತೋರಿಸುತ್ತದೆ. ಓವರ್‌ಲೋಡ್ ಎನ್ನುವ ಇದನ್ನು ನಿವಾರಿಸಲು ಸಾಮಾನ್ಯವಾಗಿ ಸೂಚಿಸಲಾಗುವ ಉಪಾಯಗಳನ್ನು 433.92 ಮೆಗಾಹರ್ಟ್ಸ್‌ನ, +10 ಡಿಬಿಎಂ (1 ಮಿಲಿವ್ಯಾಟ್‌ಗಿಂತ 10 ಡೆಸಿಬೆಲ್ ಹೆಚ್ಚು) ಶಕ್ತಿಯ ಒಂದು ಪುಟ್ಟ ಟ್ರಾನ್ಸ್‌ಮಿಟರ್‌ನ ಮೇಲೆ ಒಂದಾದಮೇಲೊಂದರಂತೆ ಪ್ರಯೋಗಿಸಿ ನೋಡಿದ್ದೇನೆ. ಅಳೆಯಬೇಕಾಗಿದ್ದುದು 867.84 ಮೆಗಾಹರ್ಟ್ಸ್‌ನಲ್ಲಿ ಬರುವ ಎರಡನೆಯ ಹಾರ್ಮೋನಿಕ್. ಈ ಉಪಾಯಗಳೆಲ್ಲ ಒಂದೇ ಕೆಲಸಕ್ಕೆ ಇರುವ ಪರ್ಯಾಯಗಳೆಂದು ಮೇಲುನೋಟಕ್ಕೆ ತೋರಿದರೂ, ಕೆಲವು ರೋಗವನ್ನು ಪತ್ತೆಹಚ್ಚುತ್ತವೆ, ಕೆಲವು ಮಾತ್ರ ಗುಣಪಡಿಸುತ್ತವೆ ಎಂಬುದು ನನ್ನ ಅಭಿಪ್ರಾಯ.

ಮೊದಲಿಗೆ ಒಳಗಿನ ಅಟೆನ್ಯುಯೇಟರ್, ಅಂದರೆ ಮಿಕ್ಸರ್‌ಗೆ ಮುಂಚೆ ಸಿಗ್ನಲನ್ನು ತಗ್ಗಿಸುವ ಭಾಗ. ಇದನ್ನು 10 ಡಿಬಿ ಹೆಚ್ಚಿಸಿದಾಗ ಅನಲೈಸರ್ ತನ್ನ ಓದನ್ನು ತಾನೇ ಸರಿಪಡಿಸಿಕೊಳ್ಳುವುದರಿಂದ, ನಿಜವಾದ ಸಿಗ್ನಲ್ ಪರದೆಯಲ್ಲಿ ಇದ್ದ ಎತ್ತರದಲ್ಲೇ ಉಳಿಯಬೇಕು. ಮಿಕ್ಸರ್‌ನಲ್ಲಿ ಹುಟ್ಟಿದ ಎರಡನೆಯ ಹಾರ್ಮೋನಿಕ್ ಆದರೆ 10 ಡಿಬಿಯಷ್ಟೂ, ಮೂರನೆಯ ದರ್ಜೆಯ ಗೆರೆಗಳಾದರೆ (ಎರಡು ಸಿಗ್ನಲ್‌ಗಳ ಪಕ್ಕದಲ್ಲೇ ಹುಟ್ಟುವ ಇಂಟರ್‌ಮಾಡ್ಯುಲೇಷನ್‌ನಂಥವು) 20 ಡಿಬಿಯಷ್ಟೂ ಕುಸಿಯುತ್ತವೆ. ಕ್ಯಾರಿಯರ್‌ನ, ಅಂದರೆ ಮುಖ್ಯ ಸಿಗ್ನಲ್‌ನ, ಓದೇ ಏರಿತೆಂದರೆ ಮಿಕ್ಸರ್ ಅದುವರೆಗೆ ಕಂಪ್ರೆಷನ್‌ನಲ್ಲಿತ್ತೆಂದು (ಶಕ್ತಿ ಮಿತಿಮೀರಿ ಓದು ಕಡಿಮೆ ಬರುತ್ತಿತ್ತೆಂದು) ತಿಳಿಯಬೇಕು. ಯಾವ ಹೆಚ್ಚುವರಿ ಸಲಕರಣೆಯೂ ಇಲ್ಲದೆ ಒಂದು ಗುಂಡಿಯನ್ನು ಒತ್ತಿ ಇಷ್ಟು ಸ್ಪಷ್ಟ ಉತ್ತರ ಕೊಡುವ ಪರೀಕ್ಷೆ ಇನ್ನೊಂದಿಲ್ಲ. ಒಂದು ಎಚ್ಚರಿಕೆ ಮಾತ್ರ ಇರಲಿ: ಸಾಧನದ ನಿಜವಾದ ಹಾರ್ಮೋನಿಕ್ ಮತ್ತು ಮಿಕ್ಸರ್‌ನ ಹಾರ್ಮೋನಿಕ್ ವಿರುದ್ಧ ಫೇಸ್‌ನಲ್ಲಿ ಕೂಡಿದ್ದರೆ, ಅಟೆನ್ಯುಯೇಷನ್ ಹೆಚ್ಚಿಸಿದಾಗ ಗೆರೆ ಇಳಿಯುವ ಬದಲು ಏರಲೂಬಹುದು. ಆದ್ದರಿಂದ ಇಳಿತವನ್ನಷ್ಟೇ ಅಲ್ಲ, ಯಾವುದೇ ಬದಲಾವಣೆಯನ್ನೂ ಅನುಮಾನದಿಂದಲೇ ನೋಡಬೇಕು.

ಆದರೆ ಪರೀಕ್ಷೆಗೆ ಇಷ್ಟು ಒಳ್ಳೆಯದಾದ ಈ ಅಟೆನ್ಯುಯೇಟರ್ ಅಳತೆಗೆ ಬಂದಾಗ ಬೇಗನೆ ಸೋಲುತ್ತದೆ. ಮಿಕ್ಸರ್‌ನ ಎರಡನೆಯ ಹಾರ್ಮೋನಿಕ್ ಇಂಟರ್‌ಸೆಪ್ಟ್ (ಕ್ಯಾರಿಯರ್ ಮತ್ತು ಹಾರ್ಮೋನಿಕ್ ಲೆಕ್ಕದಲ್ಲಿ ಸಮವಾಗುವ ಮಟ್ಟ) +45 ಡಿಬಿಎಂ ಎಂದಿಟ್ಟುಕೊಳ್ಳೋಣ. 20 ಡಿಬಿ ಅಟೆನ್ಯುಯೇಷನ್‌ನಲ್ಲಿ ಮಿಕ್ಸರ್‌ಗೆ −10 ಡಿಬಿಎಂ ತಲುಪುತ್ತದೆ, ಆಗ ಅದು ತಾನೇ ಹುಟ್ಟಿಸುವ ಹಾರ್ಮೋನಿಕ್ ಕ್ಯಾರಿಯರ್‌ಗಿಂತ 55 ಡಿಬಿ ಕೆಳಗಿರುತ್ತದೆ. 40 ಡಿಬಿಗೆ ಏರಿಸಿದರೆ ಆ ಅಂತರ 75 ಡಿಬಿ ಆಗುತ್ತದೆ, ಅಂದರೆ ಪರದೆಯಲ್ಲಿ −65 ಡಿಬಿಎಂ. ಇದು ತೃಪ್ತಿಕರವೇ, ಆದರೆ ಅಟೆನ್ಯುಯೇಷನ್‌ನ ಪ್ರತಿ 10 ಡಿಬಿಗೂ ನಾಯ್ಸ್ ಫ್ಲೋರ್ (ಅನಲೈಸರ್‌ನ ಸ್ವಂತ ಗದ್ದಲದ ಮಟ್ಟ) ಅಷ್ಟೇ ಮೇಲಕ್ಕೆ ಬರುತ್ತದೆ. ಅಟೆನ್ಯುಯೇಷನ್ ಸೊನ್ನೆಯಿದ್ದಾಗ −100 ಡಿಬಿಎಂನಲ್ಲಿದ್ದ ಆ ನೆಲ ಈಗ −60ಕ್ಕೆ ಏರಿ, ಮಿಕ್ಸರ್‌ನ ಸುಳ್ಳು ಗೆರೆಯ ಜೊತೆಗೆ ಅದೇ ಮಟ್ಟದ ನಿಜವಾದ ಗೆರೆಯನ್ನೂ ಮುಚ್ಚಿಬಿಡುತ್ತದೆ.

ಇಲ್ಲಿ ಅನೇಕರು ರೆಸಲ್ಯೂಷನ್ ಬ್ಯಾಂಡ್‌ವಿಡ್ತ್ (ಅನಲೈಸರ್ ಒಮ್ಮೆಗೆ ನೋಡುವ ಆವರ್ತನ ಪಟ್ಟಿಯ ಅಗಲ) ಕಡಿಮೆ ಮಾಡಲು ಹೇಳುತ್ತಾರೆ. ಓವರ್‌ಲೋಡ್‌ಗೆ ಇದು ಮದ್ದಲ್ಲ. ಆ ಅಗಲವನ್ನು ನಿರ್ಧರಿಸುವ ಫಿಲ್ಟರ್ ಇರುವುದು ಮಿಕ್ಸರ್‌ನ ಆಚೆಗೆ, ಐಎಫ್ (ಮಧ್ಯಂತರ ಆವರ್ತನ) ಹಂತದಲ್ಲಿ; ಅದನ್ನು ಎಷ್ಟು ಕಿರಿದಾಗಿಸಿದರೂ ಮಿಕ್ಸರ್‌ಗೆ ಬೀಳುವ ಶಕ್ತಿ ಒಂದಿಷ್ಟೂ ತಗ್ಗುವುದಿಲ್ಲ. ಬ್ಯಾಂಡ್‌ವಿಡ್ತ್ ಹತ್ತನೆಯ ಒಂದು ಭಾಗವಾದಾಗ ನಾಯ್ಸ್ 10 ಡಿಬಿ ಇಳಿಯುವುದರಿಂದ, ಹೆಚ್ಚು ಅಟೆನ್ಯುಯೇಷನ್ ಹಾಕಿ ಕಳೆದುಕೊಂಡದ್ದರಲ್ಲಿ ಒಂದಷ್ಟನ್ನು ಮರಳಿ ಪಡೆಯಬಹುದು, ಅಷ್ಟೆ. ಅದಕ್ಕೆ ತೆರಬೇಕಾದ ಬೆಲೆಯೆಂದರೆ ಸಮಯ: ಆವರ್ತನಗಳನ್ನು ಒಂದೊಂದಾಗಿ ಹಾದುಹೋಗುವ ಸ್ವೆಪ್ಟ್ ಮಾದರಿಯ ಅನಲೈಸರ್‌ನಲ್ಲಿ ಅದೇ ಸ್ಪ್ಯಾನ್‌ಗೆ (ಪರದೆಯಲ್ಲಿ ತೋರುವ ಆವರ್ತನ ವ್ಯಾಪ್ತಿಗೆ) ಸ್ವೀಪ್ ಸುಮಾರು ನೂರು ಪಟ್ಟು ನಿಧಾನವಾಗುತ್ತದೆ.

ಕೇಬಲ್‌ಗೆ ಜೋಡಿಸುವ ಸ್ಥಿರ ಅಟೆನ್ಯುಯೇಟರ್ ಆದ ಹೊರಗಿನ ಪ್ಯಾಡ್ ಮಿಕ್ಸರ್‌ನ ದೃಷ್ಟಿಯಿಂದ ಒಳಗಿನ ಅಟೆನ್ಯುಯೇಟರ್‌ಗಿಂತ ಬೇರೆಯಲ್ಲ. ನಾಯ್ಸ್ ಏರುವುದೂ ಹಾಗೆಯೇ. ಅದರ ಮೌಲ್ಯ ಇರುವುದು ರಕ್ಷಣೆಯಲ್ಲಿ. ಬಹಳಷ್ಟು ಅನಲೈಸರ್‌ಗಳ ಮುಂಭಾಗದಲ್ಲಿ ಗರಿಷ್ಠ +30 ಡಿಬಿಎಂ, ಅಂದರೆ 1 ವ್ಯಾಟ್ ಎಂದು ನಮೂದಿಸಿರುತ್ತಾರೆ. 5 ವ್ಯಾಟ್‌ನ ಟ್ರಾನ್ಸ್‌ಮಿಟರ್ +37 ಡಿಬಿಎಂ ಕೊಡುತ್ತದೆಯಾದ್ದರಿಂದ, ಅಷ್ಟು ಶಾಖವನ್ನು ತಡೆಯಬಲ್ಲ 30 ಡಿಬಿ ಪ್ಯಾಡ್ ಇಲ್ಲದೆ ಅದನ್ನು ನೇರವಾಗಿ ಜೋಡಿಸುವುದು ಉಪಕರಣವನ್ನೇ ಬಲಿ ಕೊಟ್ಟಂತೆ. ಇನ್ನೊಂದು ಅನುಕೂಲವೂ ಉಂಟು. ರೆಫರೆನ್ಸ್ ಲೆವೆಲ್ (ಪರದೆಯ ಮೇಲಂಚಿನ ಮಟ್ಟ) ಇಳಿಸಿದರೆ ಅನೇಕ ಅನಲೈಸರ್‌ಗಳು ಒಳಗಿನ ಅಟೆನ್ಯುಯೇಟರನ್ನೂ ತಾವಾಗಿಯೇ ಇಳಿಸಿ, ಬಳಕೆದಾರನ ಗಮನಕ್ಕೆ ಬಾರದಂತೆ ಓವರ್‌ಲೋಡ್ ತಂದುಕೊಳ್ಳುತ್ತವೆ. ಹೊರಗಿನ ಪ್ಯಾಡ್ ಇದ್ದಲ್ಲೇ ಇರುತ್ತದೆ. ಆದರೆ ಅದರ ನಷ್ಟವನ್ನು ಲೆವೆಲ್ ಆಫ್‌ಸೆಟ್‌ನಲ್ಲಿ (ಓದಿಗೆ ಸೇರಿಸುವ ತಿದ್ದುಪಡಿಯಲ್ಲಿ) ನಾವೇ ತುಂಬಬೇಕು.

ನನ್ನ ಹಾರ್ಮೋನಿಕ್ ಅಳತೆಯನ್ನು ನಿಜವಾಗಿ ಬಿಡಿಸಿದ್ದು ಹೈಪಾಸ್ ಫಿಲ್ಟರ್. ಕ್ಯಾರಿಯರನ್ನು 40 ಡಿಬಿ ತಡೆದು, 867.84 ಮೆಗಾಹರ್ಟ್ಸನ್ನು 1 ಡಿಬಿಯಷ್ಟೇ ನಷ್ಟದಲ್ಲಿ ಬಿಡುವ ಫಿಲ್ಟರ್ ಇದ್ದರೆ, ಅಟೆನ್ಯುಯೇಟರನ್ನು ಸೊನ್ನೆಯಲ್ಲಿಟ್ಟರೂ ಮಿಕ್ಸರ್‌ಗೆ ಸಿಗುವುದು −30 ಡಿಬಿಎಂ ಮಾತ್ರ. ನಾಯ್ಸ್ ಫ್ಲೋರ್ ಮಾತ್ರ ಕದಲದೆ −100ರಲ್ಲೇ ಉಳಿಯುತ್ತದೆ. 40 ಡಿಬಿ ಅಟೆನ್ಯುಯೇಟರ್‌ಗೆ ಹೋಲಿಸಿದರೆ ಇದು 39 ಡಿಬಿ ಲಾಭ. ಬೇರಾವ ಉಪಾಯವೂ ಇದರ ಹತ್ತಿರ ಸುಳಿಯಲಾರದು. ಇದರ ದೋಷವೂ ಅಷ್ಟೇ ಸ್ಪಷ್ಟವಾದುದು. ಸಾಮಾನ್ಯ ಫಿಲ್ಟರ್ ತಾನು ತಡೆದ ಶಕ್ತಿಯನ್ನು ನುಂಗುವುದಿಲ್ಲ, ಬಂದ ದಾರಿಯಲ್ಲೇ ಹಿಂದಕ್ಕೆ ಕಳುಹಿಸುತ್ತದೆ. ಕ್ಯಾರಿಯರ್ ಮರಳಿ ಬಂದು ಬಡಿದಾಗ ಟ್ರಾನ್ಸ್‌ಮಿಟರ್‌ನ ಕೊನೆಯ ಹಂತ ಬೇರೆಯದೇ ರೀತಿ ವರ್ತಿಸಿ, ನಾವು ಅಳೆಯಹೊರಟ ಹಾರ್ಮೋನಿಕ್ಕೇ ಬದಲಾಗಬಹುದು. ಟ್ರಾನ್ಸ್‌ಮಿಟರ್ ಮತ್ತು ಫಿಲ್ಟರ್ ನಡುವೆ 10 ಡಿಬಿ ಪ್ಯಾಡ್ ಇಟ್ಟರೆ ಹಿಂದಿರುಗುವ ಅಲೆ ಅದನ್ನು ಎರಡು ಬಾರಿ ದಾಟಬೇಕಾಗಿ 20 ಡಿಬಿ ತಗ್ಗುತ್ತದೆ. ಹಾಗಾಗಿ ಪ್ಯಾಡನ್ನು ಫಿಲ್ಟರ್‌ನ ಪ್ರತಿಸ್ಪರ್ಧಿಯೆಂದು ನೋಡುವುದಕ್ಕಿಂತ ಅದರ ಜೊತೆಗಾರನೆಂದು ನೋಡುವುದೇ ಮೇಲು.

ಪರದೆಯಲ್ಲಿ ಕಾಣದ ಸಿಗ್ನಲ್‌ನಿಂದಲೂ ಓವರ್‌ಲೋಡ್ ಆಗುತ್ತದೆ ಎಂಬುದನ್ನು ಹೇಳದೆ ಬಿಡುವಂತಿಲ್ಲ. ಮಿಕ್ಸರ್‌ಗೆ ಸ್ಪ್ಯಾನ್ ಎಂಬುದು ಗೊತ್ತಿಲ್ಲ. ಆಂಟೆನಾ ಜೋಡಿಸಿದಾಗ ಸಮೀಪದ ಎಫ್‌ಎಂ ಪ್ರಸಾರದ 88ರಿಂದ 108 ಮೆಗಾಹರ್ಟ್ಸ್ ಶಕ್ತಿಯೆಲ್ಲ, ನಾವು ನೋಡುತ್ತಿರುವುದು ಬೇರೆಲ್ಲೋ ಇದ್ದರೂ, ಅದರ ಮೇಲೆಯೇ ಬೀಳುತ್ತದೆ. ಪ್ರೀಆಂಪ್ (ಮಿಕ್ಸರ್‌ಗೆ ಮುಂಚಿನ ಆಂಪ್ಲಿಫೈಯರ್) ಚಾಲೂ ಇದ್ದರಂತೂ ಅದು ಮಿಕ್ಸರ್‌ಗಿಂತ ಮೊದಲೇ ಕೈಚೆಲ್ಲುತ್ತದೆ. ಪ್ರೀಆಂಪ್ ಬಂದ್ ಮಾಡಿ, ಪೂರ್ಣ ಸ್ಪ್ಯಾನ್ ಒಮ್ಮೆ ನೋಡಿ, ನಂತರ ಆ ಆವರ್ತನ ಪಟ್ಟಿಯನ್ನು ತಡೆಯುವ ಬ್ಯಾಂಡ್‌ಸ್ಟಾಪ್ ಫಿಲ್ಟರ್ ಹಾಕುವುದು ಸರಿಯಾದ ಕ್ರಮ.

ಫಿಲ್ಟರ್‌ಗೆ ಎಟುಕದ ಕ್ಷೇತ್ರವೊಂದಿದೆ: 100 ಕಿಲೋಹರ್ಟ್ಸ್ ಅಂತರದ ಎರಡು ಟೋನ್‌ಗಳನ್ನು ಕೊಟ್ಟು ಆಂಪ್ಲಿಫೈಯರ್‌ನ ಇಂಟರ್‌ಮಾಡ್ಯುಲೇಷನ್ ಅಳೆಯುವುದು. ಬೇಡದ ಗೆರೆಗಳು ಬೇಕಾದವುಗಳ ಪಕ್ಕದಲ್ಲೇ ಇರುವುದರಿಂದ ಅವನ್ನು ಬೇರ್ಪಡಿಸಲು ಸಾಮಾನ್ಯ ಫಿಲ್ಟರ್‌ಗೆ ಆಗದು. ಅಲ್ಲಿ ಅಟೆನ್ಯುಯೇಟರ್ ಮತ್ತು ಕಿರಿದಾದ ಬ್ಯಾಂಡ್‌ವಿಡ್ತ್‌ಗಳ ಜೋಡಿಯೇ ಗತಿ. ಮಿಕ್ಸರ್‌ನ ಮೂರನೆಯ ದರ್ಜೆಯ ಇಂಟರ್‌ಸೆಪ್ಟ್ +10 ಡಿಬಿಎಂ ಆಗಿದ್ದರೆ, ಪ್ರತಿ ಟೋನ್ −20 ಡಿಬಿಎಂ ಇದ್ದಾಗ ಮಿಕ್ಸರ್‌ನ ಸ್ವಂತ ಗೆರೆಗಳು 60 ಡಿಬಿ ಕೆಳಗೂ, −30 ಡಿಬಿಎಂ ಇದ್ದಾಗ 80 ಡಿಬಿ ಕೆಳಗೂ ಇರುತ್ತವೆ. ಅಳೆಯಬೇಕಾದ ಆಂಪ್ಲಿಫೈಯರ್ 70 ಡಿಬಿಯ ಆಸುಪಾಸಿನದಾಗಿದ್ದರೆ ನಾನು ಎರಡನೆಯ ಮಟ್ಟವನ್ನೇ ಆರಿಸಿಕೊಂಡು, ನಿಧಾನವಾದ ಸ್ವೀಪನ್ನು ಸಹಿಸಿಕೊಳ್ಳುತ್ತೇನೆ.